ಚೆಕ್ಕುಬಂದಿಯಲ್ಲಿ ಸಿಕ್ಕ ಅಜ್ಜಿ

ಹೆಳವರನ್ನು ಕಣ್ಣಾರೆ ನೋಡಿದ ಬ್ಲಾಗಿಗರು ಎಷ್ಟು ಜನ ಇದ್ದೀರೋ ಗೊತ್ತಿಲ್ಲ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರಿಗೆ ಹೆಸರೇ ಹೊಸದಿರಬಹುದು. ಸುಗ್ಗಿ ಮುಗಿದು ಮನೆಗೆ ಕಾಳು ಬಂದ ಮೇಲೆ ಇವರು ಊರಿಗೆ ಬರುತ್ತಾರೆ. ಕೈಯಲ್ಲೊಂದು ಗಂಟೆ, ಜತೆಗೊಂದು ಎತ್ತು (ಈಗೀಗ ಎತ್ತಿನ ಜಾಗಕ್ಕೆ ಬೈಕು ಬಂದಿದೆ ಅನ್ನಿ). ಬಾಗಿಲಲ್ಲಿ ನಿಂತು ನಿಮ್ಮ ಅಪ್ಪನ ಹೆಸರಿನಿಂದ ಶುರುಮಾಡಿದರೆ ತಾತ, ಮುತ್ತಾತ, ಅವರ ಅಪ್ಪ, ಅವರ ತಾತ ಅಂತ ನಿಮಗೇ ಗೊತ್ತಿಲ್ಲದ ತಲೆಮಾರುಗಳನ್ನು ಒಂದೇ ಉಸಿರಿಗೆ ಹೇಳುತ್ತಾರೆ. ಮೂಲಪುರುಷ ಯಾವ ಊರಿಂದ ಬಂದ, ಬೆಡಗು ಯಾವುದು, ಅಣ್ಣತಮ್ಮಂದಿರು ಯಾವಾಗ ಬೇರೆಯಾದರು ಎಲ್ಲ ಬರುತ್ತದೆ. ಆಮೇಲೆ ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಬರೆದುಕೊಂಡು, ಕೊಟ್ಟಷ್ಟು ಕಾಳು, ದುಡ್ಡು, ಬಟ್ಟೆ ತೆಗೆದುಕೊಂಡು ಮುಂದಿನ ಮನೆಗೆ ಹೋಗುತ್ತಾರೆ.

ಹೆಳವ ಅಂದರೆ ಕುಂಟ ಅಂತ ಅರ್ಥ. 1909ರಲ್ಲಿ ಏಳು ಸಂಪುಟಗಳಲ್ಲಿ ದಕ್ಷಿಣ ಭಾರತದ ಜಾತಿಗಳ ಬಗ್ಗೆ ಪುಸ್ತಕ ಹೊರತಂದ ಎಡ್ಗರ್ ಥರ್ಸ್ಟನ್, ಬಳ್ಳಾರಿ ಸೀಮೆಯ ಹೆಳವರ ಬಗ್ಗೆಯೂ ಬರೆದಿದ್ದಾನೆ. ಎತ್ತಿನ ಮೇಲೆ ಕೂತು, ಕಾಲು ಕಾಣದ ಹಾಗೆ ಕಂಬಳಿ ಹೊದ್ದು ಊರಿಗೆ ಬರುತ್ತಾರೆ, ಮನೆಮನೆಗೆ ಹೋಗಿ ಮನೆತನದ ಚರಿತ್ರೆ ಹೇಳುತ್ತಾರೆ, ಯುದ್ಧದಲ್ಲಿ ಸತ್ತ ವೀರರ ಹೆಸರು ಹೇಳುತ್ತಾರೆ, ಊರಿನ ಇತಿಹಾಸ ಕಾಪಾಡುವವರು ಇವರೇ ಅಂತ. ಇಂಥವರು ನಮ್ಮಲ್ಲಿ ಮಾತ್ರ ಇಲ್ಲ. ತೆಲುಗರಲ್ಲಿ ಪಿಚ್ಚಿಗುಂಟ್ಲು, ಗುಜರಾತಿನಲ್ಲಿ ವಹಿ ಹಿಡಿದು ಬರುವ ಬಾರೋಟರು ಇದೇ ಕೆಲಸ ಮಾಡಿದವರು. ಹರಿದ್ವಾರದ ಪಂಡಾಗಳ ಹತ್ತಿರ ಊರು, ಜಾತಿ ಲೆಕ್ಕದಲ್ಲಿ ಜೋಡಿಸಿಟ್ಟ ಉದ್ದುದ್ದ ಬಹಿಗಳಿವೆ. ಅಮೆರಿಕದ ಯೂಟಾದ ವಂಶಾವಳಿ ಸಂಸ್ಥೆಯೊಂದು 1977ರಿಂದಲೇ ಅವುಗಳನ್ನು ಮೈಕ್ರೋಫಿಲ್ಮ್ ಮಾಡಲು ಶುರುಮಾಡಿತ್ತು. ನಾವು ಹಳೇ ಕಾಗದ ಅಂತ ಮೂಲೆಗೆ ಹಾಕಿದ್ದರ ಬ್ಯಾಕಪ್ ಸಾಲ್ಟ್ ಲೇಕ್ ಸಿಟಿಯಲ್ಲಿ :-)

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಕಳೆದ ಎರಡು ವರ್ಷದಿಂದ ರಜೆ ಸಿಕ್ಕಾಗಲೆಲ್ಲ ನಮ್ಮ ಮನೆತನದ ಬೇರು ಹುಡುಕುವ ಹುಚ್ಚು ಹಿಡಿದಿದೆ. ಆ ಹುಡುಕಾಟದಲ್ಲಿ ನನಗೆ ಖಚಿತವಾದದ್ದು ಒಂದೇ ಮಾತು. ವಂಶಾವಳಿ ಅನ್ನುವುದು ಯಾರು ಯಾರಿಗೆ ಹುಟ್ಟಿದರು ಅನ್ನುವ ದಾಖಲೆ ಅಲ್ಲ, ಯಾರಿಂದ ಯಾರಿಗೆ ಹಕ್ಕು ಬಂತು ಅನ್ನುವ ದಾಖಲೆ. ಹಕ್ಕಿಲ್ಲದವರ ಹೆಸರು ಅದರಲ್ಲಿ ಕಳೆದುಹೋಗಿರುವುದಿಲ್ಲ, ಮೊದಲಿಂದಲೂ ಬರೆದೇ ಇರುವುದಿಲ್ಲ.

ಕಾನೂನಿಗೂ ಇದು ಗೊತ್ತು. 1872ರ ಸಾಕ್ಷ್ಯ ಕಾಯ್ದೆಯ 32ನೇ ಸೆಕ್ಷನ್ನಿನಲ್ಲಿ, ತೀರಿಕೊಂಡವರು ಬಂಧುತ್ವದ ಬಗ್ಗೆ ಹೇಳಿದ ಮಾತು, ಮನೆತನದ ವಂಶಾವಳಿ, ಸಮಾಧಿಕಲ್ಲಿನ ಬರಹ ಇವನ್ನೆಲ್ಲ ಸಾಕ್ಷ್ಯವಾಗಿ ತರಲು ಅವಕಾಶವಿತ್ತು. ಆದರೆ ಒಂದು ಷರತ್ತು, ಆ ಮಾತು ತಕರಾರು ಹುಟ್ಟುವುದಕ್ಕಿಂತ ಮುಂಚಿನದಾಗಿರಬೇಕು. 2024ರ ಜುಲೈನಲ್ಲಿ ಹೊಸ ಕಾಯ್ದೆ ಜಾರಿಗೆ ಬಂದರೂ ಈ ತತ್ವ ಹಾಗೇ ಇದೆ. ಆಸ್ತಿ ಜಗಳ ಶುರುವಾದ ಮೇಲೆ ಬರೆದ ವಂಶವೃಕ್ಷದಲ್ಲಿ ಕೊಂಬೆಗಳು ಬೇಕಾದ ಕಡೆ ಚಿಗುರುತ್ತವೆ, ಬೇಡದ ಕಡೆ ಒಣಗುತ್ತವೆ ಅಂತ ಆ ಕಾನೂನು ಬರೆದವರಿಗೂ ಅನುಭವ ಇದ್ದಿರಬೇಕು.

ನಮ್ಮದು ಶಿರಾ - ಹಿರಿಯೂರು ಕಡೆಯ ಒಕ್ಕಲು ಮನೆತನ. ಮಳೆ ಬಂದರೆ ರಾಗಿ, ಕಡಲೆಕಾಯಿ, ಬರದಿದ್ದರೆ ಜಾಲಿ. ಮನೆಯಲ್ಲಿ ಎಲ್ಲರೂ ಹೇಳುವ ಕಥೆ ಒಂದೇ. ನಮ್ಮ ತಾತನ ತಾತ ಒಬ್ಬನೇ ಬಂದು, ಕಾಡು ಕಡಿದು, ಕಲ್ಲು ಆರಿಸಿ ಹೊಲ ಮಾಡಿದ, ಹಳ್ಳದ ಪಕ್ಕದ ಆ ಹೊಲದಿಂದಲೇ ಮನೆತನ ಬೆಳೆಯಿತು. ನಾವೆಲ್ಲ ಅವನ ಗಂಡು ಸಂತಾನದ ನೇರ ಸಾಲು. ಇದನ್ನು ನನ್ನ ದೊಡ್ಡಪ್ಪ ಹೇಳುವಾಗ ಮೀಸೆ ತಾನಾಗಿ ಮೇಲೇಳುತ್ತದೆ.

ತಾತ ತೀರಿಕೊಂಡ ಮೇಲೆ ಜಮೀನಿನ ಪೌತಿ ಖಾತೆ ಆಗಬೇಕಿತ್ತು. ಹಳ್ಳಿ ಕಡೆಯವರಿಗೆ ವಿವರಿಸಬೇಕಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಖಾತೆದಾರ ಸತ್ತರೆ ವಾರಸುದಾರರ ಹೆಸರಿಗೆ ಖಾತೆ ಬದಲಾಗಬೇಕು. ಅದಕ್ಕೆ ವಂಶವೃಕ್ಷ ಬೇಕು. ವಂಶವೃಕ್ಷಕ್ಕೆ ಅರ್ಜಿ, ಅಫಿಡವಿಟ್ಟು, ಪಂಚರ ಸಹಿ. ಇವತ್ತು ಕರ್ನಾಟಕದಲ್ಲಿ ಎಷ್ಟೋ ಮನೆಗಳಲ್ಲಿ ವಂಶವೃಕ್ಷ ಅನ್ನುವ ಚಿತ್ರ ಮೊದಲ ಸಲ ಬರೆಯುವುದೇ ಹೀಗೆ ಒಂದು ಸಾವಿನ ಮಾರನೇ ತಿಂಗಳು, ಜಮೀನಿಗಾಗಿ. ನನ್ನ ಮಾತಿಗೆ ಇದಕ್ಕಿಂತ ಪುರಾವೆ ಬೇಕೆ?

ಅರ್ಜಿ ತುಂಬುವಾಗ ಜತೆಗಿದ್ದವರೊಬ್ಬರು ಸಹಜವಾಗಿ ಒಂದು ಮಾತು ಹೇಳಿದರು. "ಹೆಣ್ಣುಮಕ್ಕಳನ್ನ ಯಾಕೆ ಹಾಕ್ತೀರಾ, ಮದುವೆ ಆಗಿ ಹೋಗವ್ರೆ, ಆಮೇಲೆ ಸಹಿಗೆ ಅಲೀಬೇಕಾಗ್ತದೆ." ನನಗೆ ಮೂವರು ಅತ್ತೆಯರು. ದೊಡ್ಡಪ್ಪ ಏನೂ ಹೇಳಲಿಲ್ಲ. ಅಪ್ಪನೂ ಏನೂ ಹೇಳಲಿಲ್ಲ. ಅರ್ಜಿ ಆವತ್ತು ಹಾಗೇ ವಾಪಸ್ ಮನೆಗೆ ಬಂತು.

ಆ ವರ್ಷವೇ ಸುಗ್ಗಿ ಮುಗಿದ ಮೇಲೆ ಹೆಳವಯ್ಯ ಬಂದರು. ಪ್ರತಿ ಸಲ ಅವರು ಬಾಯಲ್ಲಿ ಹೇಳುತ್ತಿದ್ದರು, ನಾವು ಕೇಳಿ ಕೈಮುಗಿಯುತ್ತಿದ್ದೆವು. ಈ ಸಲ ನಾನು ಪುಸ್ತಕವನ್ನೇ ತೋರಿಸಿ ಅಂತ ಕೇಳಿದೆ. ಕೆಂಪು ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಲೆಕ್ಕದ ಪುಸ್ತಕ. ಹಳೆಯದು ಹರಿದಾಗ ಹೊಸದಕ್ಕೆ ಇಳಿಸಿಕೊಂಡು ಬಂದದ್ದಂತೆ. ಅದರಲ್ಲಿ ನಮ್ಮ ಮನೆಯ ಸಾಲು ಹುಡುಕಿ ತೋರಿಸಿದರು. ಗಂಡು ಹೆಸರು, ಅದರ ಕೆಳಗೆ ಗಂಡು ಹೆಸರು, ಅದರ ಕೆಳಗೆ ಮತ್ತೆ ಗಂಡು ಹೆಸರು. ಆದರೆ ತಾತನ ತಾತನ ಹೆಸರಿನ ಹತ್ತಿರ ಬಂದಾಗ ಮೇಲಿನ ಸಾಲಿಗೂ ಅದಕ್ಕೂ ನಡುವೆ ಒಂದೇ ಒಂದು ಪದ: "ಮನೆಯಳಿಯ". ಪಕ್ಕದಲ್ಲಿ "ಧಾತು" ಅಂತ ಸಂವತ್ಸರದ ಹೆಸರು.

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ. ನಮ್ಮ ಸಂವತ್ಸರಗಳು 60. ಪ್ರಭವದಿಂದ ಅಕ್ಷಯದವರೆಗೆ ಹೋಗಿ ಮತ್ತೆ ಪ್ರಭವಕ್ಕೆ ಬರುತ್ತವೆ. ಅಂದರೆ 60ಕ್ಕೆ ತಿರುಗಿ ಸೊನ್ನೆಯಾಗುವ ಕೌಂಟರ್ ಇದ್ದ ಹಾಗೆ. 2000ನೇ ಇಸವಿ ಬಂದಾಗ ಎರಡೇ ಅಂಕಿಯಲ್ಲಿ ವರ್ಷ ಬರೆದಿದ್ದಕ್ಕೆ ಇಡೀ ಜಗತ್ತಿನ ಕಂಪ್ಯೂಟರುಗಳು ನಿಲ್ಲುತ್ತವೆ ಅಂತ ಹೆದರಿದ್ದರಲ್ಲ, ಅದೇ ಸಮಸ್ಯೆ ಇಲ್ಲಿ ನೂರಾರು ವರ್ಷದಿಂದ ಇದೆ. ಧಾತು 1876ರಲ್ಲಿ ಬಂತು, 1936ರಲ್ಲಿ ಬಂತು, 1996ರಲ್ಲಿ ಬಂತು (ನಾನು ಹುಟ್ಟಿದ್ದು ಈ ಮೂರನೆಯದರಲ್ಲಿ). ತಾತ ಹುಟ್ಟಿದ ಕಾಲದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಅವರ ತಾತನಿಗೆ ಹೊಂದುವುದು ಒಂದೇ ಧಾತು, 1876-77ರದ್ದು.

ಆ ವರ್ಷದ ಹೆಸರು ಕೇಳಿದರೆ ಹಳೇ ಮೈಸೂರಿನ ಇತಿಹಾಸ ಓದಿದವರು ಒಂದು ಕ್ಷಣ ನಿಲ್ಲುತ್ತಾರೆ. ಧಾತು - ಈಶ್ವರ ಸಂವತ್ಸರಗಳ ಬರ. 1876ರಿಂದ 78ರವರೆಗೆ ಮೈಸೂರು, ಮದರಾಸು, ಮುಂಬೈ, ಹೈದರಾಬಾದು ಸೀಮೆಗಳನ್ನೆಲ್ಲ ಸುಟ್ಟ ಬರ. ಮೈಸೂರು ಆಗ ಒಡೆಯರ ಕೈಯಲ್ಲಿರಲಿಲ್ಲ, ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. 1871ರ ಖಾನೇಷುಮಾರಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷದ ನಂತರ, 1881ರಲ್ಲಿ, 41,86,188. ಹತ್ತು ವರ್ಷದಲ್ಲಿ ಜನ ಹೆಚ್ಚಬೇಕಾದಲ್ಲಿ 8 ಲಕ್ಷಕ್ಕೂ ಮಿಕ್ಕಿ ಕಡಿಮೆ! ಸರಿಸುಮಾರು ಆರು ಜನಕ್ಕೆ ಒಬ್ಬರು. ಈ ಅಂಕಿಗಳನ್ನು ನಾನು ಮೊದಲೂ ಓದಿದ್ದೆ. ಆದರೆ ಹೆಳವಯ್ಯನ ಪುಸ್ತಕದಲ್ಲಿ "ಧಾತು" ಅನ್ನುವ ಎರಡಕ್ಷರ ನೋಡಿದಾಗ ಆ ಅಂಕಿಯೊಳಗೆ ನಮ್ಮ ಮನೆಯವರೂ ಇದ್ದಾರೆ ಅನ್ನಿಸಿ ಮೈ ಜುಮ್ಮೆಂದಿತು.

ಹೆಳವಯ್ಯ ತಮ್ಮ ಅಪ್ಪನಿಂದ ಕೇಳಿದ್ದನ್ನು ಹೇಳಿದರು. ಬರದಲ್ಲಿ ಆ ಮನೆಯ ಯಜಮಾನ ಹೋದ, ಗಂಡುಮಕ್ಕಳು ಹೋದರು. ಉಳಿದದ್ದು ಒಬ್ಬಳು ಹೆಣ್ಣುಮಗಳು. ಅವಳು ದೊಡ್ಡವಳಾದ ಮೇಲೆ ಬೇರೆ ಊರಿಂದ ಹುಡುಗನನ್ನು ತಂದು ಮನೆಯಳಿಯನಾಗಿ ಇಟ್ಟುಕೊಂಡರು. ಆ ಹುಡುಗನೇ ನಮ್ಮ ತಾತನ ತಾತ. ಅಂದರೆ ಕಾಡು ಕಡಿದು ಹೊಲ ಮಾಡಿದ ವೀರನ ಕಥೆ ಅರ್ಧ ಮಾತ್ರ ನಿಜ. ಅವನು ಬಂದದ್ದು ನಿಜ. ಹೊಲ ಅವನು ಬರುವ ಮೊದಲೇ ಇತ್ತು. ಅದು ಅವನ ಹೆಂಡತಿಯದ್ದು.

"ಆಯಮ್ಮನ ಹೆಸರೇನು?" ಅಂತ ಕೇಳಿದೆ. ಪುಸ್ತಕದಲ್ಲಿಲ್ಲ. ಹೆಳವಯ್ಯನಿಗೂ ಗೊತ್ತಿಲ್ಲ. ದೊಡ್ಡಪ್ಪನಿಗೆ ಈ ಕಥೆಯೇ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದರೋ, ಮುಖ ನೋಡಿ ಹೇಳಲಾಗಲಿಲ್ಲ.

ಬಾಯಿಮಾತನ್ನೇ ನಂಬಿ ಬ್ಲಾಗು ಬರೆಯಲು ನನಗೆ ಮನಸ್ಸಿರಲಿಲ್ಲ. ಇನ್ನೊಂದು ಕಡೆಯಿಂದ ಸಾಕ್ಷಿ ಬೇಕಿತ್ತು. ನಮ್ಮ ಮನೆಯ ಕಾಗದಪತ್ರದಲ್ಲಿ ತಾತನ ಅಪ್ಪನಿಗಿಂತ ಹಿಂದಿನದು ಏನೂ ಇಲ್ಲ. ಆಗ ಊರಿನ ಹಿರಿಯರೊಬ್ಬರು ಹೇಳಿಕೊಟ್ಟ ಉಪಾಯ ಚೆನ್ನಾಗಿತ್ತು. ನಿಮ್ಮ ಹೊಲದ ಕಥೆ ಬೇಕಾದರೆ ನಿಮ್ಮ ಪತ್ರ ನೋಡಬೇಡ, ಪಕ್ಕದ ಹೊಲದವರ ಪತ್ರ ನೋಡು ಅಂತ.

ಕ್ರಯಪತ್ರದಲ್ಲಿ ಚೆಕ್ಕುಬಂದಿ ಅಂತ ಒಂದು ಭಾಗ ಇರುತ್ತದೆ. ಮಾರುತ್ತಿರುವ ಜಮೀನಿನ ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಏನು, ಉತ್ತರಕ್ಕೆ, ದಕ್ಷಿಣಕ್ಕೆ ಅಂತ ನಾಲ್ಕು ದಿಕ್ಕಿನ ಎಲ್ಲೆ ಬರೆಯುತ್ತಾರೆ. ಇದರ ಸೊಗಸು ಏನು ಗೊತ್ತಾ? ತನ್ನ ಜಮೀನು ಮಾರುವವನಿಗೆ ಪಕ್ಕದ ಮನೆಯ ವಂಶದ ಮರ್ಯಾದೆ ಕಟ್ಟಿಕೊಂಡು ಏನೂ ಆಗಬೇಕಿಲ್ಲ. ಊರಲ್ಲಿ ಆ ಹೊಲವನ್ನು ಯಾರದ್ದು ಅಂತ ಕರೆಯುತ್ತಾರೋ ಅದನ್ನೇ ಬರೆಸುತ್ತಾನೆ. ತಕರಾರು ಇಲ್ಲದ ಜಾಗದಲ್ಲಿ ಹುಟ್ಟಿದ ಸಾಕ್ಷಿ.

ಪಕ್ಕದ ಹೊಲದವರ ಟ್ರಂಕಿನಲ್ಲಿ, ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿದ್ದ ಒಂದು ಕ್ರಯಪತ್ರ ಸಿಕ್ಕಿತು. ವಿರೋಧಿಕೃತು ಸಂವತ್ಸರ, 1911ನೇ ಇಸವಿ. ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಸರ್ಕಾರಿ ಖರಾಬು. ಪೂರ್ವಕ್ಕೆ ಒಬ್ಬ ಹೆಂಗಸಿನ ಹೆಸರು, ಮುಂದೆ "ಇವಳ ಜಮೀನು". ಸರ್ವೆ ನಂಬರು ಹೊಂದಿಸಿ ನೋಡಿದೆ, ಪೂರ್ವಕ್ಕಿರುವುದು ನಮ್ಮದೇ ಹೊಲ. ಗಂಡ ಬಂದು ವರ್ಷಗಳೇ ಕಳೆದಿದ್ದರೂ ಊರಿನ ಬಾಯಲ್ಲಿ ಆ ಹೊಲ ಅವಳದ್ದೇ ಆಗಿತ್ತು.

ಹೆಸರು ನೋಡಿದ ತಕ್ಷಣ ಇನ್ನೊಂದು ಗಂಟೂ ಬಿಚ್ಚಿಕೊಂಡಿತು. ತಾತನ ದೊಡ್ಡಕ್ಕನದ್ದೂ ಅದೇ ಹೆಸರು. ನಮ್ಮ ಕಡೆ ಮೊದಲ ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವ ರೂಢಿ. ಪುಸ್ತಕದಲ್ಲಿ ಇಲ್ಲದ ಹೆಸರು, ಪತ್ರದಲ್ಲಿ ಮರೆತ ಹೆಸರು, ಮನೆಯ ಹೆಣ್ಣುಮಕ್ಕಳ ಮೇಲೆ ಎಲ್ಲರ ಕಣ್ಣೆದುರೇ ಓಡಾಡುತ್ತಿತ್ತು. ಆ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಯಾಕೆ ಅನ್ನುವುದಕ್ಕೆ ಕೊನೆಗೆ ಬರುತ್ತೇನೆ.

ಹೆಣ್ಣಿನ ಹೆಸರು ಯಾವಾಗ ದಾಖಲೆಗೆ ಬರುತ್ತದೆ ಅಂತ ಯೋಚಿಸಿದಾಗ ನೆನಪಾದದ್ದು ಹೆಗ್ಗಡದೇವನಕೋಟೆ ತಾಲೂಕಿನ ಬೆಳತೂರಿನ ಶಾಸನ. ಕ್ರಿ.ಶ. 1057ರದ್ದು. ದೇಕಬ್ಬೆ ಅನ್ನುವವಳ ಕಥೆ. ಅವಳ ಗಂಡ ಏಚ, ತಂದೆ ನುಗುನಾಡಿನ ರವಿಗ ಅಂತ ಶಾಸನ ಪೂರ್ತಿ ವಿಳಾಸ ಕೊಡುತ್ತದೆ. ಸುಮಾರು ಸಾವಿರ ವರ್ಷದ ಹಿಂದಿನ ಒಬ್ಬ ಹೆಣ್ಣುಮಗಳ ತವರು ಯಾವುದು ಅಂತ ನಮಗೆ ಗೊತ್ತು, ಆದರೆ ನೂರೈವತ್ತು ವರ್ಷದ ಹಿಂದಿನ ನನ್ನ ಅಜ್ಜಿಯದು ಗೊತ್ತಿರಲಿಲ್ಲ. ವ್ಯತ್ಯಾಸ ಏನು? ದೇಕಬ್ಬೆ ಗಂಡ ಸತ್ತಾಗ ಬೆಂಕಿಗೆ ಬಿದ್ದಳು. ನಮ್ಮ ಅಜ್ಜಿ ಬರದಲ್ಲೂ ಬದುಕಿದಳು. ಸತ್ತವಳಿಗೆ ಕಲ್ಲು ನಿಲ್ಲಿಸಿದರು, ಬದುಕಿ ಹೊಲ ಉಳಿಸಿದವಳಿಗೆ ಒಂದು ಸಾಲೂ ಇಲ್ಲ.

ಹಿಂದಿನ ಕಾಲವೇ ಹಾಗೆ, ಹೆಂಗಸರ ಹೆಸರು ಬರೆಯುವ ಪದ್ಧತಿಯೇ ಇರಲಿಲ್ಲ ಅಂತ ಕೆಲವರು ಹೇಳಬಹುದು. ಘಟ್ಟ ಇಳಿದು ನೋಡಿ. ಅಳಿಯಸಂತಾನ ಇದ್ದ ತುಳುನಾಡಿನ ಮನೆಗಳಲ್ಲಿ ಆಸ್ತಿಯ ಸಾಲು ತಾಯಿಯಿಂದ ಮಗಳ ಕಡೆಗೆ ಹರಿಯುತ್ತಿತ್ತು. 1949ರ ಮದರಾಸು ಅಳಿಯಸಂತಾನ ಕಾಯ್ದೆಯಲ್ಲಿ "ಕವರು" ಅನ್ನುವ ಪದದ ವಿವರಣೆಯೇ ಒಬ್ಬ ಹೆಣ್ಣು ಮತ್ತು ಹೆಣ್ಣು ಸಾಲಿನಲ್ಲಿ ಅವಳ ಸಂತಾನ ಅನ್ನುವುದರಿಂದ ಶುರುವಾಗುತ್ತದೆ. ಹಕ್ಕು ಯಾರ ಮೂಲಕ ಹರಿಯುತ್ತದೋ ಅವರ ಹೆಸರನ್ನು ದಾಖಲೆ ನೆನಪಿಟ್ಟುಕೊಳ್ಳುತ್ತದೆ. ಅಷ್ಟೇ ಸೂತ್ರ. ನಮ್ಮ ಅಜ್ಜಿಯ ವಿಷಯದಲ್ಲಿ ಹಕ್ಕು ಅವಳ ಮೂಲಕವೇ ಹರಿದಿತ್ತು. ಆದರೂ ಮಗ ಹುಟ್ಟಿದ ಮೇಲೆ ಸಾಲು ಮತ್ತೆ ಗಂಡಿನದಾಯಿತು, ನಡುವಿನ ಸೇತುವೆಯನ್ನು ಎಲ್ಲರೂ ಮರೆತರು.

ಈಗ ಮನೆಯೊಳಗಿನ ಪೇಚಿಗೆ ಬರೋಣ. ಇದು ಬರೀ ಹಳೇ ಕಥೆಯಾಗಿದ್ದರೆ ದೊಡ್ಡಪ್ಪ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಮನೆಯಳಿಯ ಬಂದದ್ದು ಬೇರೆ ಬೆಡಗಿನಿಂದ. ಬೆಡಗು ಅಪ್ಪನಿಂದ ಮಕ್ಕಳಿಗೆ ಬರುವಂಥದ್ದು. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರೊಳಗೆ ಮದುವೆ ಇಲ್ಲ. ಹಾಗಾದರೆ ನಾಲ್ಕು ತಲೆಮಾರಿನಿಂದ ನಾವು ನಮ್ಮದು ಅಂತ ಹೇಳಿಕೊಂಡು ಬಂದದ್ದು ಅಜ್ಜಿಯ ತವರಿನ ಬೆಡಗು! ಲೆಕ್ಕದ ಪ್ರಕಾರ ನಮ್ಮದು ಬೇರೆ. ಯಾರ ಮನೆಗೆ ಹೆಣ್ಣು ಕೊಟ್ಟೆವು, ಯಾರ ಮನೆಯಿಂದ ತಂದೆವು ಅಂತ ಕೆದಕಲು ಹೊರಟರೆ ಎಲ್ಲಿಗೆ ಹೋಗಿ ನಿಲ್ಲುತ್ತದೋ. "ನೂರೈವತ್ತು ವರ್ಷ ಸುಮ್ನಿದ್ದುದ್ದನ್ನ ನೀನ್ ಯಾಕಪ್ಪ ಎಬ್ಬಿಸ್ತೀಯಾ" ಅಂದರು ದೊಡ್ಡಪ್ಪ. ಅವರ ಭಯ ಸುಳ್ಳಲ್ಲ. ಊರಲ್ಲಿ ಬದುಕುವವರು ಅವರು, ನಾನು ವಾರದ ಕೊನೆಗೆ ಬಸ್ಸು ಹತ್ತಿ ಬರುವವನು.

ನಾನು ವಾದ ಮಾಡಲಿಲ್ಲ. ಒಂದು ದಿನ ಸಂಜೆ ಆ ಅರ್ಜಿ ಮತ್ತು 1911ರ ಪತ್ರದ ಜೆರಾಕ್ಸು ಎರಡನ್ನೂ ಅವರ ಮುಂದೆ ಇಟ್ಟೆ. ಬೆಡಗಿನ ವಿಷಯ ಬಿಡಿ ದೊಡ್ಡಪ್ಪ, ಈ ಹೊಲ ಬಂದದ್ದು ಮಗಳಿಂದ, ಈಗ ಈ ಹೊಲದ ಕಾಗದದಿಂದಲೇ ಮಗಳಂದಿರನ್ನು ಬಿಡಬೇಕಾ ಅಂತಷ್ಟೇ ಕೇಳಿದೆ.

ಕಾನೂನು ಈ ವಿಷಯದಲ್ಲಿ ಸ್ಪಷ್ಟ ಇದೆ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಆಸ್ತಿ ಹಕ್ಕಿನ ಕಾಯ್ದೆ ತಂದಿತ್ತು. 1956ರ ಉತ್ತರಾಧಿಕಾರ ಕಾಯ್ದೆ ಬಂತು. ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲು ಅಂತ ಕರ್ನಾಟಕ 1994ರಲ್ಲಿ ತಿದ್ದುಪಡಿ ಮಾಡಿತು, ಆದರೆ ಆಗಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, 2005ರಲ್ಲಿ ತಂದೆ ಬದುಕಿರಬೇಕೆಂಬ ಷರತ್ತೂ ಇಲ್ಲ ಅಂತ ಹೇಳಿತು. ಇಷ್ಟಾದರೂ ವಂಶವೃಕ್ಷದ ಕಾಗದದಲ್ಲಿ ಹೆಣ್ಣಿನ ಹೆಸರು ಬರೆಯಬೇಕಾದವರು ಮನೆಯವರೇ. ಅಲ್ಲಿ ಪೆನ್ನು ನಿಂತರೆ ಸುಪ್ರೀಂ ಕೋರ್ಟು ದೂರ.

ದೊಡ್ಡಪ್ಪ ಬಹಳ ಹೊತ್ತು ಆ ಜೆರಾಕ್ಸು ನೋಡುತ್ತಾ ಕೂತಿದ್ದರು. ಆಮೇಲೆ ಹೆಚ್ಚೇನೂ ಮಾತಾಡದೆ ಮೂವರು ಅತ್ತೆಯರ ಹೆಸರನ್ನು ತಾವೇ ಹೇಳಿ ಬರೆಸಿದರು. ಹುಟ್ಟಿದ ಕ್ರಮದಲ್ಲಿ, ದೊಡ್ಡತ್ತೆ ಮೊದಲು. ತಾತನ ಅಜ್ಜಿಯ ಹೆಸರು ಹೊರಗೆ ಹೇಳಬೇಡ ಅಂದರು, ಬೆಡಗಿನ ತಲೆನೋವಿಗಾಗಿ. ಒಪ್ಪಿಕೊಂಡೆ. ಅದಕ್ಕೇ ಇಲ್ಲಿ ಹೆಸರಿಲ್ಲ. ಆದರೆ ಮನೆಯಲ್ಲಿಟ್ಟಿರುವ ನಮ್ಮ ಪ್ರತಿಯಲ್ಲಿ ಅವಳ ಹೆಸರು ಮೇಲಿನ ಸಾಲಿನಲ್ಲಿದೆ. ಮುಂದಿನ ಸುಗ್ಗಿಗೆ ಹೆಳವಯ್ಯ ಬಂದಾಗ ಅತ್ತೆಯರ ಮಕ್ಕಳ ಹೆಸರನ್ನೂ ಬರೆದುಕೊಳ್ಳುತ್ತೀರಾ ಅಂತ ಕೇಳಿದೆ. "ಯಾರೂ ಬರೆಸಿಲ್ಲ ಸ್ವಾಮಿ, ಬರೆಸಿದ್ರೆ ಬರೀತೀನಿ" ಅಂದರು.

ನಿಮ್ಮಲ್ಲಿ ಯಾರಾದರೂ ಹೀಗೆ ಹುಡುಕಲು ಹೊರಟರೆ ಉಪಯೋಗವಾಗಲಿ ಅಂತ ನಾಲ್ಕು ಮಾತು. ಕಂಪ್ಯೂಟರಿನ ಪಹಣಿಯಿಂದ ಶುರುಮಾಡಬೇಡಿ. "ಭೂಮಿ" ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು, ದೊಡ್ಡ ಕೆಲಸವೇ. ಆದರೆ ಪಹಣಿ ಹೇಳುವುದು ಈಗ ಖಾತೆದಾರ ಯಾರು ಅನ್ನುವುದನ್ನು. ಹಿಂದಿನ ಕಥೆ ಬೇಕಾದರೆ ಕೈಬರಹದ ಹಳೇ ರಿಜಿಸ್ಟರು, ಹಳೇ ಪತ್ರ ಹುಡುಕಬೇಕು. ನಿಮ್ಮ ಪತ್ರಗಳಿಗಿಂತ ಅಕ್ಕಪಕ್ಕದವರ ಚೆಕ್ಕುಬಂದಿ ಹೆಚ್ಚು ನಿಜ ಹೇಳಬಹುದು. ಸಂವತ್ಸರ ಸಿಕ್ಕರೆ 60ರ ಲೆಕ್ಕ ಮರೆಯಬೇಡಿ. ಮನೆಯಲ್ಲಿ ಮರುಕಳಿಸುವ ಹೆಸರುಗಳನ್ನು ಪಟ್ಟಿ ಮಾಡಿ, ಅದರಲ್ಲೂ ಹೆಣ್ಣುಮಕ್ಕಳದು. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯವರಾದರೆ ಹಳೇ ಕಾಗದ ಮೋಡಿ ಲಿಪಿಯಲ್ಲಿರಬಹುದು, ಓದಲಾಗದ ಗೀಚು ಅಂತ ಒಲೆಗೆ ಹಾಕಬೇಡಿ. ಎಲ್ಲಕ್ಕಿಂತ ಮೊದಲು ಮನೆಯ ಹಿರಿಯ ಹೆಂಗಸರನ್ನು ಕೇಳಿ. ಗಂಡಸರು ಹೊಲ ಎಲ್ಲಿಂದ ಬಂತು ಅಂತ ಹೇಳುತ್ತಾರೆ, ಹೆಂಗಸರು ಯಾರು ಎಲ್ಲಿಂದ ಬಂದರು ಅಂತ ಹೇಳುತ್ತಾರೆ.

ನಿಮ್ಮ ಊರಿಗೂ ಹೆಳವರು ಬರುತ್ತಾರಾ? ನಿಮ್ಮ ಮನೆಯ ಪುಟದಲ್ಲಿ ಎಲ್ಲಾದರೂ ಒಂದು ಸಾಲು ತಂದೆಯಿಲ್ಲದೆ ಶುರುವಾಗಿದೆಯಾ? ಗೊತ್ತಿದ್ದರೆ ಬರೆಯಿರಿ. ಹೆಸರು ಹೇಳಲಾಗದಿದ್ದರೆ ಪರವಾಗಿಲ್ಲ, ಊರಿನ ಸೀಮೆ ಮತ್ತು ಸಂವತ್ಸರ ಹೇಳಿದರೂ ಸಾಕು.